ನಯಾಗರಾ ನೋಡಿಕೊಂಡು ಹಾಗೇ ಬ್ಯಾನ್ಫ್‌ಗೂ ಕಾರಲ್ಲಿ ಹೋಗಿಬರಬಹುದಾ?

ಆಗಲ್ಲ. ಹತ್ತು ದಿನದ ರಜೆಯಲ್ಲಂತೂ ಖಂಡಿತ ಆಗಲ್ಲ. ನಯಾಗರಾ ಇರುವುದು ಕೆನಡಾದ ಪೂರ್ವಕ್ಕೆ, ಟೊರಾಂಟೊ ಹತ್ತಿರ; ಬ್ಯಾನ್ಫ್ ಪಶ್ಚಿಮದ ರಾಕಿ ಬೆಟ್ಟಗಳ ನಡುವಿನ ಊರು. ಏಪ್ರಿಲ್ ಬಂತೆಂದರೆ ಟೊರಾಂಟೊದಲ್ಲಿರುವ ಮಕ್ಕಳ ಮನೆಗೆ ಊರಿಂದ ಅಪ್ಪ-ಅಮ್ಮ ಹೊರಡುತ್ತಾರೆ, ನನಗೆ ಇದೇ ಪ್ರಶ್ನೆ ಬರಲು ಶುರುವಾಗುತ್ತದೆ. ಪ್ರತಿ ವರ್ಷ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

"ಅಲ್ಲಿ ರಸ್ತೆ ಚೆನ್ನಾಗಿರುತ್ತೆ, ಟ್ರಾಫಿಕ್ ಇರಲ್ಲ, ಓಡಿಸೋಕೆ ಇಬ್ಬರಿದ್ದರೆ ಎರಡು ದಿನ ಸಾಕು." ಎಷ್ಟು ಹೇಳಿದರೂ ಈ ಮಾತು ಮಾತ್ರ ಹೋಗುವುದಿಲ್ಲ. ಟೊರಾಂಟೊದಿಂದ ಬ್ಯಾನ್ಫ್‌ಗೆ ಕೆನಡಾದ ಒಳಗಿನಿಂದಲೇ ಹೋದರೆ ಸುಮಾರು 3,500 ಕಿ.ಮೀ. ಬೆಂಗಳೂರಿಂದ ದೆಹಲಿಗೆ ಹೋಗಿ, ಅಲ್ಲಿಂದ ಅರ್ಧ ದಾರಿಗಿಂತ ಹೆಚ್ಚು ವಾಪಸ್ ಬಂದಷ್ಟು ದೂರ. ನಾನು ಒಂದು ಜುಲೈನಲ್ಲಿ ಆ ದಾರಿಯಲ್ಲಿ ಹೋಗಿದ್ದೇನೆ. ಮೊದಲ ರಾತ್ರಿ ಸೂ ಸೇಂಟ್ ಮರೀ, ಎರಡನೆಯದು ಥಂಡರ್ ಬೇ. ದಿನಕ್ಕೆ ಏಳುನೂರು ಕಿ.ಮೀ. ಓಡಿಸಿಯೂ ಎರಡನೇ ರಾತ್ರಿ ಮಲಗುವಾಗ ಒಂಟಾರಿಯೊ ಪ್ರಾಂತ್ಯವನ್ನೇ ದಾಟಿರಲಿಲ್ಲ! ಆಮೇಲೆ ವಿನಿಪೆಗ್, ರೆಜೈನಾ, ಕ್ಯಾಲ್ಗರಿ. ಬೆಟ್ಟ ಕಂಡದ್ದು ಆರನೇ ದಿನ.

ರಸ್ತೆ ಚೆನ್ನಾಗಿದೆ, ನಿಜ. ಆದರೆ ಉತ್ತರ ಒಂಟಾರಿಯೊದಲ್ಲಿ ಟ್ರಾನ್ಸ್-ಕೆನಡಾ ಹೆದ್ದಾರಿ ಎಂದರೆ ಬಹುಪಾಲು ಹೋಗಲೊಂದು, ಬರಲೊಂದು ಲೇನ್ ಅಷ್ಟೇ. ವೇಗದ ಮಿತಿ ಹೆಚ್ಚಿನ ಕಡೆ 90. ಮುಂದೆ ಮರದ ದಿಮ್ಮಿ ಹೊತ್ತ ಲಾರಿ ಸಿಕ್ಕರೆ ಓವರ್‌ಟೇಕ್ ಮಾಡಲು ಜಾಗ ಸಿಗುವವರೆಗೆ ಅದರ ಹಿಂದೆಯೇ ಹೋಗಬೇಕು. "ರಾತ್ರಿಯೂ ಓಡಿಸ್ತೀವಿ" ಅನ್ನುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಅಲ್ಲಿ ಮೂಸ್ ರಸ್ತೆಗೆ ಬರುತ್ತದೆ. ಜಿಂಕೆಯ ಜಾತಿಯೇ, ಆದರೆ ಕುದುರೆಗಿಂತ ಎತ್ತರ. ಕಪ್ಪು ಮೈ, ಕತ್ತಲಲ್ಲಿ ಕಾಣುವುದಿಲ್ಲ. ಉದ್ದ ಕಾಲಿಗೆ ಕಾರು ಬಡಿದರೆ ಅದರ ಇಡೀ ದೇಹ ಮುಂದಿನ ಗಾಜಿನ ಮೇಲೇ ಬೀಳುತ್ತದೆ. ಹಳದಿ ಫಲಕದಲ್ಲಿ ಅದರ ಚಿತ್ರ ಬರೆದಿರುವುದು ಅಂದಕ್ಕಲ್ಲ.

ಇನ್ನು, ಹೋದಷ್ಟೇ ದಿನ ವಾಪಸ್ ಬರಲೂ ಬೇಕಲ್ಲವೇ?

ಹತ್ತೇ ದಿನ ಇದ್ದರೆ ಒಂದು ದಿಕ್ಕು ಆರಿಸಿಕೊಳ್ಳಿ. ಪೂರ್ವವಾದರೆ ನಯಾಗರಾ, ಆಟವಾ, ಮಾಂಟ್ರಿಯಲ್, ಕೊನೆಗೆ ಕೋಟೆಗೋಡೆಯೊಳಗಿನ ಹಳೇ ಕ್ವಿಬೆಕ್. ವಯಸ್ಸಾದವರಿಗೆ ಇದೇ ಹಿತ. ಪಶ್ಚಿಮವೇ ಬೇಕೆಂದರೆ ಕ್ಯಾಲ್ಗರಿಗೆ ವಿಮಾನ ಹತ್ತಿ, ನಾಲ್ಕು ಗಂಟೆ ಚಿಲ್ಲರೆ. ಅಲ್ಲಿ ಕಾರು ತೆಗೆದುಕೊಂಡು ಬ್ಯಾನ್ಫ್, ಲೇಕ್ ಲೂಯಿಸ್, ಅಲ್ಲಿಂದ ಜ್ಯಾಸ್ಪರ್‌ವರೆಗೆ 230 ಕಿ.ಮೀ. ಹಿಮನದಿಗಳ ಪಕ್ಕದ ದಾರಿ. ಈ ದೇಶದಲ್ಲಿ ಒಂದೇ ಒಂದು ರಸ್ತೆ ನೋಡಿ ಎಂದರೆ ನಾನು ಇದನ್ನೇ ಹೇಳುವುದು. ಲೇಕ್ ಲೂಯಿಸ್ ಹತ್ತಿರದ ಮೊರೇನ್ ಕೆರೆಗೆ ಮಾತ್ರ 2023ರಿಂದ ಸ್ವಂತ ಕಾರು ಬಿಡುವುದಿಲ್ಲ, ಬಸ್ಸನ್ನು ಮೊದಲೇ ಬುಕ್ ಮಾಡಿಕೊಳ್ಳಬೇಕು. ರಸ್ತೆ ತೆರೆದಿರುವುದೂ ಜೂನ್‌ನಿಂದ ಅಕ್ಟೋಬರ್ ಮಧ್ಯದವರೆಗೆ. ಮೇ ತಿಂಗಳಲ್ಲಿ ಟಿಕೆಟ್ ತೆಗೆಸಿ ನೀಲಿ ನೀರು ಹುಡುಕಬೇಡಿ, ಆಗ ಅದಿನ್ನೂ ಮಂಜುಗಡ್ಡೆ.

ನಯಾಗರಾ ಎಂದಾಗ ನೆನಪಾಯಿತು. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಮಲೆನಾಡಿನಿಂದ ಬಂದವರ ಮುಖದಲ್ಲಿ ಆ ಪ್ರಶ್ನೆ ಇದ್ದೇ ಇರುತ್ತದೆ: ನಮ್ಮ ಜೋಗಕ್ಕಿಂತ ದೊಡ್ಡದಾ? ಎತ್ತರದಲ್ಲಿ ಹೋಲಿಕೆಯೇ ಇಲ್ಲ. ಜೋಗ 253 ಮೀಟರ್, ನಯಾಗರಾದ ಕುದುರೆಲಾಳ ಜಲಪಾತ 57. ನಯಾಗರಾದ ಹೆಚ್ಚುಗಾರಿಕೆ ನೀರಿನದು. ಮೇಲೆ ನಾಲ್ಕು ಮಹಾ ಸರೋವರಗಳಿವೆ, ಹಾಗಾಗಿ ಅದು ಮಳೆಗಾಲಕ್ಕೆ ಕಾಯುವುದಿಲ್ಲ. ಆದರೆ ಶರಾವತಿಯಂತೆ ಅದೂ ವಿದ್ಯುತ್ತಿಗೆ ದುಡಿಯುವ ನದಿ. 1950ರ ಒಪ್ಪಂದದ ಪ್ರಕಾರ ಪ್ರವಾಸದ ತಿಂಗಳುಗಳಲ್ಲಿ ಹಗಲು ಸೆಕೆಂಡಿಗೆ ಕನಿಷ್ಠ ಒಂದು ಲಕ್ಷ ಘನ ಅಡಿ ನೀರು ಬೀಳಬೇಕು, ರಾತ್ರಿ ಅದರ ಅರ್ಧ ಸಾಕು. ಅದಕ್ಕೇ ಹಗಲು ಹೋಗಿ. ಜಲಪಾತದ ಅಂಚಿನಲ್ಲೇ ಇರುವ ಟೇಬಲ್ ರಾಕ್ ಎಂಬ ಜಾಗದ ಕಟಕಟೆ ಹಿಡಿದು ನಿಂತರೆ ನೀರು ಅಂಚು ದಾಟುವುದು ಕೆಲವೇ ಅಡಿ ಪಕ್ಕದಲ್ಲಿ, ಗಾಜಿನಂಥ ಹಸಿರು. ನಮ್ಮಮ್ಮ ಅಲ್ಲಿ ಮುಕ್ಕಾಲು ಗಂಟೆ ನಿಂತಿದ್ದರು, ಸೀರೆ ಒದ್ದೆಯಾದರೂ ಕದಲಲಿಲ್ಲ.