ಪೊಟ್ಟಣದೊಳಗಿನ ನೀಲಿ ಹೂ

ಮಳೆ ಹಿಡಿದು ಒಂದೆರಡು ತಿಂಗಳಾದರೆ ಸಾಕು, ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಕಡೆ ಹುಲ್ಲಿನ ನಡುವೆ ಪುಟ್ಟ ಪುಟ್ಟ ನೀಲಿ ಹೂಗಳು ಏಳುತ್ತವೆ. ನಿಂತು ನೋಡಿದರೆ ಎಲ್ಲ ಒಂದೇ ಥರ. ಎಷ್ಟೋ ದಿನ ನಾನು ಎಲ್ಲವನ್ನೂ ವಿಷ್ಣುಕ್ರಾಂತಿ ಅಂದುಕೊಂಡಿದ್ದೆ. ಮಂಡಿಯೂರಿ ಕೂತ ಮೇಲೆ ಗೊತ್ತಾಯಿತು, ಬಣ್ಣ ನಂಬಿದರೆ ಕೆಟ್ಟೆವು ಅಂತ.

ವಿಷ್ಣುಕ್ರಾಂತಿಯಲ್ಲಿ ಎಸಳುಗಳು ಬೇರೆ ಬೇರೆ ಇರುವುದಿಲ್ಲ. ಎಲ್ಲ ಕೂಡಿ ಒಂದು ಪುಟ್ಟ ತಟ್ಟೆ. ಎಲೆ ಮುಟ್ಟಿದರೆ ರೇಷ್ಮೆಯಂಥ ರೋಮ ಸಿಗುತ್ತದೆ.

ಪಕ್ಕದಲ್ಲಿರುವುದು ಕನ್ನೆ ಸೊಪ್ಪು. ಬೆರಕೆ ಸೊಪ್ಪಿಗೆ ಕಿತ್ತು ತರುತ್ತಾರಲ್ಲ, ಅದೇ. ಇದರ ಎರಡು ಎಸಳು ದೊಡ್ಡವು, ಮೂರನೆಯದು ಚಿಕ್ಕದು, ಮಾಸಲು. ಗಿಡಗಳಿಗೆ ಹೆಸರಿಡುವ ಕ್ರಮ ಹಾಕಿಕೊಟ್ಟ ಲಿನೇಯಸ್, ಈ ಗಿಡ ಮತ್ತು ಇದರ ಹತ್ತಿರದ ನೆಂಟರಿರುವ ಕುಲಕ್ಕೆ ಕಾಮೆಲಿನಾ ಅಂತ ಹೆಸರಿಟ್ಟದ್ದು ಡಚ್ ಸಸ್ಯವಿಜ್ಞಾನಿಗಳ ಮನೆತನದ ನೆನಪಿಗೆ. ದೊಡ್ಡ ಎಸಳುಗಳು ಹೆಸರು ಮಾಡಿದ ಇಬ್ಬರಿಗೆ, ಚಿಕ್ಕದು ಏನೂ ಸಾಧಿಸುವ ಮೊದಲೇ ತೀರಿಕೊಂಡ ಮೂರನೆಯವರಿಗೆ ಅಂದರಂತೆ. ಆ ಚಿಕ್ಕ ಎಸಳು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಮೂರು ಎಸಳೂ ಸಮ ಇದ್ದರೆ? ಅದು ಇದೇ ಕುಟುಂಬದ ಇನ್ನೊಂದು ಕುಲ, ಮುರ್ಡಾನಿಯಾ ಇರಬಹುದು. ಕೇಸರಗಳಿಗೆ ನೀಲಿ ಗಡ್ಡ ಬಿಟ್ಟಂತೆ ದಟ್ಟ ಕೂದಲಿದ್ದು, ಎಸಳುಗಳು ನಡುವೆ ಅಂಟಿ ಕೊಳವೆಯಾಗಿದ್ದರೆ ಮತ್ತೊಂದು ಕುಲ, ಸೈನೋಟಿಸ್.

ಕಷ್ಟ ಬರುವುದು ಕಾಮೆಲಿನಾಗಳ ಒಳಗೇ. ಅಲ್ಲಿ ಹೂವನ್ನಲ್ಲ, ಅದರ ಕೆಳಗೆ ನೋಡಿ. ಮಡಿಸಿದ ಹಸಿರು ಎಲೆಯೊಂದರಿಂದ ಹೂ ಇಣುಕುತ್ತಿರುತ್ತದೆ. ಕನ್ನೆ ಸೊಪ್ಪಿನಲ್ಲಿ ಈ ಎಲೆಯ ಅಂಚುಗಳು ಬುಡದಲ್ಲಿ ಅಂಟಿಕೊಂಡಿರುತ್ತವೆ, ಥೇಟ್ ಬಸವನಗುಡಿ ಪರಿಷೆಯ ಕಡಲೆಕಾಯಿ ಪೊಟ್ಟಣದ ಹಾಗೆ. ಒದ್ದೆ ಜಾಗದಲ್ಲಿ ಹಬ್ಬುವ ಕಾಮೆಲಿನಾ ಡಿಫ್ಯೂಸಾದಲ್ಲಿ ಅಂಟಿರುವುದಿಲ್ಲ, ಸುಮ್ನೆ ಮಡಿಸಿದ ಕಾಗದದಂತೆ ಬುಡದವರೆಗೂ ಬಿಚ್ಚಿಕೊಂಡಿರುತ್ತದೆ. ಎಲೆಯೂ ಕಿರಿದು. ಕನ್ನೆ ಸೊಪ್ಪಿನ ಎಲೆ ಅಗಲ, ಎಲೆ ಕಾಂಡವನ್ನು ತಬ್ಬಿಕೊಳ್ಳುವ ಕಡೆ ಕೆಂಚು ಕೂದಲು ಜಾಸ್ತಿ. ಇನ್ನೊಂದು ಗುರುತು ಮಣ್ಣಿನಡಿ ಇದೆ: ಕನ್ನೆ ಸೊಪ್ಪು ನೆಲದೊಳಗೂ ಹೂ ಬಿಡುತ್ತದೆ. ಅವು ಅರಳುವುದೇ ಇಲ್ಲ. ಮುಚ್ಚಿದ ಮೊಗ್ಗಿನಲ್ಲೇ ತಮ್ಮ ಪರಾಗದಿಂದ ಬೀಜ ಕಟ್ಟುತ್ತವೆ. ಇದನ್ನು ನೋಡಲೆಂದು ಹುಲ್ಲುಗಾವಲಲ್ಲಿ ಗಿಡ ಕೀಳಬೇಡಿ. ಹಿತ್ತಲಲ್ಲಿ ಕಳೆ ತೆಗೆಯುವಾಗ ಬೇರಿನ ಹತ್ತಿರ ಹುಡುಕಿದರೆ ಸಿಗುತ್ತವೆ.

ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತಿಗೆ ಕಾಮೆಲಿನಾದ ಎಸಳು ಬಾಡಿ ಉದುರುವುದಿಲ್ಲ, ಕರಗಿ ನೀರಾಗುತ್ತದೆ. ತಡವಾದರೂ ಬೇಸರ ಬೇಡ. ಪೊಟ್ಟಣ ಅಲ್ಲೇ ಇರುತ್ತದೆ, ಅದರೊಳಗೆ ಮುಂದೆ ಅರಳುವ ಮೊಗ್ಗುಗಳೂ.