ಡ್ಯೂಟಿ ಪಟ್ಟಿಗೆ ಬೇಕಾದ ಚಿಕಿತ್ಸೆ

ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದವರು ನಮ್ಮ ದೇಶದಲ್ಲಿ ವಾಹನ ಓಡಿಸುವಂತಿಲ್ಲ. ಶನಿವಾರ ರಾತ್ರಿ ಪೊಲೀಸರು ಗಾಡಿ ನಿಲ್ಲಿಸಿ ಯಂತ್ರಕ್ಕೆ ಊದಿಸುವುದು ಇದನ್ನು ಅಳೆಯಲಿಕ್ಕೆ. 1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 40 ಮಂದಿಯನ್ನು ಒಮ್ಮೆ ನಿದ್ದೆಗೆಡಿಸಿ, ಇನ್ನೊಮ್ಮೆ ಮದ್ಯ ಕುಡಿಸಿ, ಕಣ್ಣು-ಕೈಗಳ ಹೊಂದಾಣಿಕೆಯನ್ನು ಅಳೆಯುವ ಒಂದೇ ಪರೀಕ್ಷೆ ಕೊಟ್ಟರು. ಸತತ 17 ಗಂಟೆ ಎಚ್ಚರವಿದ್ದವರ ಕೈ, ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇದ್ದವರ ಕೈಯಷ್ಟೇ ತಪ್ಪುತ್ತಿತ್ತು. 24 ಗಂಟೆ ಕಳೆಯುವ ಹೊತ್ತಿಗೆ ಅದು 100 ಮಿಲಿಗ್ರಾಂಗೆ ಸಮನಾಯಿತು. ನಮ್ಮ ಕಾನೂನಿನ ಮಿತಿಯ ಮೂರು ಪಟ್ಟಿಗೂ ಹೆಚ್ಚು. ಆ ಸ್ಥಿತಿಯಲ್ಲಿ ಸ್ಕೂಟರ್ ಹತ್ತುವುದು ಅಪಾಯ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಅದೇ ಸ್ಥಿತಿಯಲ್ಲಿ ಕ್ಯಾಶುವಾಲಿಟಿಯಲ್ಲಿ ನಿಂತು ಮಗುವಿನ ತೂಕಕ್ಕೆ ತಕ್ಕ ಔಷಧದ ಲೆಕ್ಕ ಹಾಕುವವರನ್ನು ತಡೆಯುವವರಿಲ್ಲ.

ನಮ್ಮ ವೈದ್ಯಕೀಯ ಕಾಲೇಜುಗಳ ಎಷ್ಟೋ ಪಿ.ಜಿ.ಗಳಿಗೆ, ಅಂದರೆ ಸ್ನಾತಕೋತ್ತರ ಓದುತ್ತಲೇ ದುಡಿಯುವ ಕಿರಿಯ ವೈದ್ಯರಿಗೆ, 24 ಗಂಟೆ ಮುಗಿಯಿತೆಂದರೆ ಡ್ಯೂಟಿ ಮುಗಿಯಿತೆಂದಲ್ಲ. ಬೆಳಿಗ್ಗೆ ಒಪಿಡಿ, ಸಂಜೆಯಿಂದ ಕ್ಯಾಶುವಾಲಿಟಿ, ಬೆಳಗಾದರೆ ರೌಂಡ್ಸ್, ಅದರ ಬೆನ್ನಿಗೆ ಮತ್ತೆ ವಾರ್ಡಿನ ಕೆಲಸ. ಹೀಗೆ 36 ಗಂಟೆ ದಾಟುತ್ತದೆ. ನಿಯಮ ಇಲ್ಲವೆಂದಲ್ಲ. ಕಿರಿಯ ವೈದ್ಯರ ನಿರಂತರ ಡ್ಯೂಟಿ ದಿನಕ್ಕೆ 12 ಗಂಟೆ ಮೀರಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ಹೇಳಿತ್ತು. ಮೂವತ್ತೆರಡು ವರ್ಷಗಳ ನಂತರ, 2024ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು ವಾರಕ್ಕೆ 74 ಗಂಟೆಯ ಮಿತಿ, ಒಂದು ದಿನ ರಜೆ, ದಿನಕ್ಕೆ 7–8 ಗಂಟೆ ನಿದ್ದೆ ಬೇಕೆಂದು ಶಿಫಾರಸು ಮಾಡಬೇಕಾಯಿತು. ಅದರ ಮುಖ್ಯಸ್ಥರಾಗಿದ್ದವರು ನಮ್ಮ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸುರೇಶ್ ಬಾಡ ಮಠ. ಆ ಕಾರ್ಯಪಡೆಯ ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇ 31ರಷ್ಟು ಮಂದಿ ತಮಗೆ ಆತ್ಮಹತ್ಯೆಯ ಆಲೋಚನೆ ಬಂದದ್ದುಂಟು ಎಂದಿದ್ದರು. ಇಂಥ ಸಮೀಕ್ಷೆಗಳಿಗೆ ನೊಂದವರೇ ಹೆಚ್ಚಾಗಿ ಉತ್ತರಿಸುತ್ತಾರೆ ಎಂಬ ಆಕ್ಷೇಪ ಸರಿಯೇ. ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೂ ಸಮಾಧಾನಪಡುವಂಥದ್ದೇನೂ ಉಳಿಯುವುದಿಲ್ಲ.

ಇದಕ್ಕೆಲ್ಲ ಆಸ್ಪತ್ರೆಯ ಆಡಳಿತಗಳು ಸಾಮಾನ್ಯವಾಗಿ ಏನು ಮಾಡುತ್ತವೆ? ಯೋಗ ಶಿಬಿರ, ಧ್ಯಾನದ ಆ್ಯಪ್, ‘ಒತ್ತಡ ನಿರ್ವಹಣೆ’ ಕುರಿತ ಉಪನ್ಯಾಸ. ಹೆಚ್ಚಿನ ಸಲ ಅದೂ ಡ್ಯೂಟಿ ಮುಗಿದ ಮೇಲೆ, ಹಾಜರಾತಿ ಕಡ್ಡಾಯ. ಯೋಗದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಾಯಿಲೆ ಇರುವುದು ಕೆಲಸದ ಜಾಗದಲ್ಲಿ, ಔಷಧಿ ಕುಡಿಸುತ್ತಿರುವುದು ಕೆಲಸಗಾರರಿಗೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ‘ಬರ್ನ್‌ಔಟ್’ ಅನ್ನು ರೋಗವೆಂದು ಪಟ್ಟಿ ಮಾಡಿಯೇ ಇಲ್ಲ. ಅದು ಉದ್ಯೋಗದಿಂದ ಹುಟ್ಟುವ ಸ್ಥಿತಿ ಎಂದಿದೆ. ಮೈಮನಸ್ಸು ಬಸವಳಿಯುವುದು, ಕೆಲಸದ ಮೇಲೆ ಜಿಗುಪ್ಸೆ ಹುಟ್ಟುವುದು, ತನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು ಅದರ ಮೂರು ಲಕ್ಷಣಗಳು. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಮಾಹಿತಿ ಜಾಲಾಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ್ಯಪ್, ಧ್ಯಾನ, ತರಬೇತಿಗಳಲ್ಲಿ ಭಾಗವಹಿಸಿದವರ ಮನಸ್ಸು ಭಾಗವಹಿಸದವರಿಗಿಂತ ಹಗುರವೇನೂ ಆಗಿರಲಿಲ್ಲ. ವೈದ್ಯರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2017ರ ವಿಶ್ಲೇಷಣೆಯೂ ಅದೇ ದಿಕ್ಕಿನದು: ವೈದ್ಯರಿಗೆ ಪಾಠ ಹೇಳುವುದಕ್ಕಿಂತ ಅವರ ವೇಳಾಪಟ್ಟಿ, ಕೆಲಸದ ಹೊರೆ, ಕೆಲಸದ ಕ್ರಮ ಬದಲಿಸಿದ ಕಡೆ ಹೆಚ್ಚು ಫಲ ಸಿಕ್ಕಿದೆ.

ಹಾಗಾದರೆ ಗಂಟೆ ಕಡಿಮೆ ಮಾಡಿಬಿಟ್ಟರೆ ಆಯಿತೇ? ಇಲ್ಲಿ ಅಮೆರಿಕದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1984ರ ಮಾರ್ಚ್‌ನಲ್ಲಿ ಲಿಬ್ಬಿ ಜಿಯಾನ್ ಎಂಬ 18ರ ಯುವತಿ ಜ್ವರವೆಂದು ನ್ಯೂಯಾರ್ಕ್‌ನ ಆಸ್ಪತ್ರೆ ಸೇರಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಆಕೆ ಆಗಲೇ ತೆಗೆದುಕೊಳ್ಳುತ್ತಿದ್ದ ಖಿನ್ನತೆಯ ಮಾತ್ರೆಯ ಜೊತೆ ಕೊಡಬಾರದ ನೋವುನಿವಾರಕವನ್ನು ಆ ರಾತ್ರಿ ಕೊಡಲಾಗಿತ್ತು. ನೋಡಿಕೊಳ್ಳುತ್ತಿದ್ದವರು ಇನ್ನೂ ತರಬೇತಿಯಲ್ಲಿದ್ದ ವೈದ್ಯರು, ಅವರ ಕೈಯಲ್ಲಿ ಇನ್ನೂ ಹತ್ತಾರು ರೋಗಿಗಳು. ಪತ್ರಕರ್ತರಾಗಿದ್ದ ತಂದೆ ಸುಮ್ಮನೆ ಕೂರಲಿಲ್ಲ. ವಿಚಾರಣೆ ನಡೆಸಿದ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಆ ವೈದ್ಯರ ಮೇಲೆ ಕ್ರಿಮಿನಲ್ ಆರೋಪ ಹೊರಿಸದೆ, ಅವರನ್ನು ಹಾಗೆ ದುಡಿಸಿದ ವ್ಯವಸ್ಥೆಯತ್ತ ಬೆರಳು ತೋರಿಸಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು. 2003ರಲ್ಲಿ ಅದು ಇಡೀ ದೇಶಕ್ಕೆ ಅನ್ವಯವಾಯಿತು. ಬಾಸ್ಟನ್‌ನ ತೀವ್ರ ನಿಗಾ ಘಟಕಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಬಲ ಕೊಟ್ಟಿತು: ಹಳೆಯ ದೀರ್ಘ ಪಾಳಿಯಲ್ಲಿ ಇಂಟರ್ನ್‌ಗಳು ಮಾಡಿದ ಗಂಭೀರ ತಪ್ಪುಗಳು, ಪಾಳಿ ಚಿಕ್ಕದಾದಾಗ ಆದ ತಪ್ಪುಗಳಿಗಿಂತ ಶೇ 36ರಷ್ಟು ಹೆಚ್ಚಾಗಿದ್ದವು.

ಆದರೆ 2011ರಲ್ಲಿ ಮೊದಲ ವರ್ಷದವರ ಪಾಳಿಯನ್ನು 16 ಗಂಟೆಗೆ ಇಳಿಸಿದಾಗ ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಶಸ್ತ್ರಚಿಕಿತ್ಸೆಯ 117 ತರಬೇತಿ ಕೇಂದ್ರಗಳನ್ನು ಎರಡು ಪಾಲು ಮಾಡಿ ಹೋಲಿಸಿದಾಗ, ಕಟ್ಟುನಿಟ್ಟಿನ ಪಾಳಿ ಇದ್ದಲ್ಲೂ ಸಡಿಲ ಪಾಳಿ ಇದ್ದಲ್ಲೂ ರೋಗಿಗಳ ಸಾವುನೋವು ಒಂದೇ ಆಗಿತ್ತು. 2017ರಲ್ಲಿ ಆ ಮಿತಿಯನ್ನು ಕೈಬಿಡಲಾಯಿತು. ನಮ್ಮಲ್ಲಿನ ಹಿರಿಯ ವೈದ್ಯರು ‘ನಾವೆಲ್ಲ ಮಾಡಿರಲಿಲ್ಲವೇ’ ಎನ್ನಲು ಇದನ್ನೇ ಹಿಡಿದುಕೊಳ್ಳಬಹುದು. ನನ್ನ ಲೆಕ್ಕ ಬೇರೆ. ಪಾಳಿ ಚಿಕ್ಕದಾದಷ್ಟೂ ರೋಗಿ ಕೈಯಿಂದ ಕೈಗೆ ದಾಟುವುದು ಹೆಚ್ಚುತ್ತದೆ, ದಾಟುವಾಗ ಮಾಹಿತಿ ಸೋರುತ್ತದೆ. ‘12ನೇ ಬೆಡ್ ಪರವಾಗಿಲ್ಲ’ ಎಂದು ಹೇಳಿ ಹೊರಟವರು, ರಾತ್ರಿ ಮೂತ್ರದ ಪ್ರಮಾಣ ಇಳಿಯುತ್ತಿತ್ತು ಎಂಬುದನ್ನು ಬಿಟ್ಟಿರುತ್ತಾರೆ. ಅಮೆರಿಕ, ಕೆನಡಾಗಳ ಒಂಬತ್ತು ಆಸ್ಪತ್ರೆಗಳು ಈ ಹ್ಯಾಂಡ್‌ಓವರ್‌ಗೆ ಒಂದು ಕ್ರಮ ಕೊಟ್ಟವು: ರೋಗಿ ಎಷ್ಟು ಗಂಭೀರ, ಏನಾಗಿದೆ, ಏನು ಮಾಡಬೇಕು, ಹೀಗಾದರೆ ಏನು ಮಾಡಬೇಕು, ಕೊನೆಯಲ್ಲಿ, ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು. ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಇಳಿದವು. ಯಾವ ಯಂತ್ರವನ್ನೂ ಕೊಳ್ಳಬೇಕಾಗಿಲ್ಲ. ಎರಡು ಪಾಳಿಗಳ ನಡುವೆ ಅರ್ಧ ಗಂಟೆ ಇಬ್ಬರಿಗೂ ಸಂಬಳದ ಸಮಯವಾಗಿರಬೇಕು, ಅಷ್ಟೇ. ಆ ಅರ್ಧ ಗಂಟೆಯನ್ನು ಕೊಡದೆ ಗಂಟೆ ಮಾತ್ರ ಕಡಿತಗೊಳಿಸಿದರೆ ಕಿರಿಯ ವೈದ್ಯರು ಮನೆಗೆ ಹೋದರೂ ಫೋನ್ ಹಿಡಿದುಕೊಂಡೇ ಇರುತ್ತಾರೆ.

ರಾತ್ರಿ ಪಾಳಿ ಇರಲೇಬೇಕಾದ ಕಡೆ ಮಲಗಲು ಜಾಗ ಬೇಕು. ನಸುಕಿನ ಮೂರರಿಂದ ಐದು ಗಂಟೆಯ ನಡುವೆ ದೇಹದ ಉಷ್ಣತೆ, ಎಚ್ಚರ ಎರಡೂ ತಳ ಮುಟ್ಟುತ್ತವೆ. ಆಗ ಇಪ್ಪತ್ತು ನಿಮಿಷದ ಸಣ್ಣ ನಿದ್ದೆಯೂ ಕೈ ಹಿಡಿಯುತ್ತದೆ. ಅದಕ್ಕೆ ಬೇಕಾದದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ, ಮಂಚ, ಹತ್ತಿರದಲ್ಲಿ ಶೌಚಾಲಯ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಅತ್ಯಾಚಾರ, ಕೊಲೆಗೆ ಈಡಾದ ಯುವ ವೈದ್ಯೆ ಡ್ಯೂಟಿಯ ನಡುವೆ ವಿಶ್ರಾಂತಿಗೆಂದು ಹೋದದ್ದು ಸೆಮಿನಾರ್ ಕೊಠಡಿಗೆ. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆಗಳಲ್ಲಿ ವಿಶ್ರಾಂತಿ ಕೋಣೆಗಳಿಲ್ಲದ್ದನ್ನೂ 36 ಗಂಟೆಗಳ ಪಾಳಿಯನ್ನೂ ಎತ್ತಿ ಹೇಳಿತು. ವೈದ್ಯರ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ. ಆದರೆ ಕೋಣೆಗೆ ಚಿಲಕ ಹಾಕಿಸುವುದು ಆಡಳಿತದವರ ಕೆಲಸ.

ನಿದ್ದೆಯ ನಂತರ ನನಗೆ ಮುಖ್ಯವಾಗಿ ಕಾಣುವುದು ಬರವಣಿಗೆ. ಅಮೆರಿಕದ 57 ವೈದ್ಯರ ಪಕ್ಕದಲ್ಲೇ ನಿಂತು ಸಮಯ ಅಳೆದ 2016ರ ಅಧ್ಯಯನದಲ್ಲಿ, ರೋಗಿಯೊಂದಿಗೆ ಕಳೆದ ಪ್ರತಿ ಗಂಟೆಗೆ ಹೆಚ್ಚುಕಡಿಮೆ ಎರಡು ಗಂಟೆ ಕಂಪ್ಯೂಟರ್ ಮತ್ತು ಕಾಗದಪತ್ರಕ್ಕೆ ಹೋಗುತ್ತಿತ್ತು. ಹವಾಯಿಯ ಒಂದು ಆಸ್ಪತ್ರೆ ಸಮೂಹ 2017ರಲ್ಲಿ ಇದಕ್ಕೆ ಮಾಡಿದ ಉಪಾಯ ಸೊಗಸಾಗಿದೆ. ‘ಮೂರ್ಖ ಕೆಲಸಗಳನ್ನು ತೊಲಗಿಸೋಣ’ ಎಂದು ಕಾರ್ಯಕ್ರಮಕ್ಕೇ ಹೆಸರಿಟ್ಟು, ಅರ್ಥವಿಲ್ಲದ ದಾಖಲೆ ಯಾವುದೆಂದು ತಿಳಿಸಿ ಎಂದು ಸಿಬ್ಬಂದಿಯನ್ನೇ ಕೇಳಿತು. ಹದಿಹರೆಯದವರ ವಾರ್ಡಿನ ನರ್ಸ್ ಒಬ್ಬರು ಬರೆದರು: ನನ್ನ ರೋಗಿಗಳ ತಪಾಸಣಾ ಪಟ್ಟಿಯಲ್ಲಿ ‘ಹೊಕ್ಕುಳಬಳ್ಳಿ’ ಎಂಬ ಸಾಲು ಏಕಿದೆ? ನವಜಾತ ಶಿಶುಗಳಿಗೆಂದು ಮಾಡಿದ್ದ ಆ ಸಾಲು ಎಲ್ಲ ವಯಸ್ಸಿನ ಮಕ್ಕಳ ಪಟ್ಟಿಗೂ ನುಗ್ಗಿತ್ತು. ಇನ್ನೊಂದು, ಗಂಟೆಗೊಮ್ಮೆ ರೋಗಿಯನ್ನು ನೋಡಿ ಬಂದೆನೆಂದು ಒತ್ತಬೇಕಿದ್ದ ಗುಂಡಿ. ಒಂದು ಸಲ ಒತ್ತಲು 24 ಸೆಕೆಂಡ್. ನಾಲ್ಕು ಆಸ್ಪತ್ರೆಗಳ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 1,700 ನರ್ಸಿಂಗ್ ಗಂಟೆ! ಅದನ್ನು ತೆಗೆದುಹಾಕಿದರು. ನಮ್ಮಲ್ಲಿ ಕಂಪ್ಯೂಟರ್ ಬಂದ ಮೇಲೂ ರಿಜಿಸ್ಟರ್ ಹೋಗಿಲ್ಲ. ಒಂದೇ ವಿವರವನ್ನು ಪುಸ್ತಕದಲ್ಲೊಮ್ಮೆ, ಪೋರ್ಟಲಿನಲ್ಲೊಮ್ಮೆ ತುಂಬುವ ಸಿಸ್ಟರ್‌ಗಳನ್ನು ಯಾರಾದರೂ ಹೀಗೆ ಕೇಳಿದರೆ ಪಟ್ಟಿ ಉದ್ದವೇ ಆದೀತು.

ಸಿಸ್ಟರ್‌ಗಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದರೆ ಆಕೆ ಬಸವಳಿಯುವ ಸಂಭವ ಶೇ 23ರಷ್ಟು, ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚು ಎಂದು ಅಮೆರಿಕದ ಸಂಶೋಧಕಿ ಲಿಂಡಾ ಐಕೆನ್ ಅವರ ತಂಡ 2002ರಲ್ಲೇ ತೋರಿಸಿತ್ತು. ನೇಮಕಾತಿಗೆ ಬದಲಿ ಇಲ್ಲ.

ಇನ್ನು, ಎಲ್ಲ ಸರಿಯಿದ್ದರೂ ಕೆಲವು ದಿನ ಕೆಟ್ಟದಾಗುತ್ತದೆ. ರೋಗಿ ಕೈಯಲ್ಲೇ ಹೋಗುತ್ತಾರೆ, ಅಥವಾ ತಪ್ಪೇ ಆಗಿರುತ್ತದೆ. ಜಾನ್ಸ್ ಹಾಪ್ಕಿನ್ಸ್‌ನ ಆಲ್ಬರ್ಟ್ ವು 2000ದಲ್ಲಿ ಬರೆದ ಪುಟ್ಟ ಲೇಖನದಲ್ಲಿ, ತಮ್ಮ ತರಬೇತಿಯ ದಿನಗಳಲ್ಲಿ ಸಹೋದ್ಯೋಗಿಯೊಬ್ಬ ಇಸಿಜಿಯಲ್ಲಿದ್ದ ಸೂಚನೆಯನ್ನು ಗಮನಿಸದೆ ಹೋದಾಗ ಉಳಿದ ಕಿರಿಯ ವೈದ್ಯರೆಲ್ಲ ಸೇರಿ ಅವನನ್ನು ಅಯೋಗ್ಯನೆಂದು ತೀರ್ಮಾನಿಸಿದ್ದನ್ನು ನೆನೆದಿದ್ದಾರೆ. ತಪ್ಪಿಗೆ ಮೊದಲ ಬಲಿ ರೋಗಿಯಾದರೆ, ಅಂಥ ವೈದ್ಯರನ್ನು ಅವರು ‘ಎರಡನೇ ಬಲಿಪಶು’ ಎಂದು ಕರೆದರು. ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ಈ ಹೆಸರನ್ನು ಮುಂದೆ ವಿರೋಧಿಸಿದವು, ಅವರ ವಿರೋಧದಲ್ಲಿ ಹುರುಳಿದೆ. ಹೆಸರು ಏನೇ ಇರಲಿ, ಹಾಪ್ಕಿನ್ಸ್ 2011ರಲ್ಲಿ ಅದಕ್ಕೊಂದು ವ್ಯವಸ್ಥೆ ಮಾಡಿತು: ತರಬೇತಿ ಪಡೆದ ಸಹೋದ್ಯೋಗಿಗಳ ತಂಡ, ಹಗಲು ರಾತ್ರಿ ಯಾವಾಗ ಕರೆದರೂ ಬಂದು ಕೇಳಿಸಿಕೊಳ್ಳುತ್ತದೆ, ವಿಚಾರಣೆ ನಡೆಸುವುದಿಲ್ಲ. ಒಬ್ಬ ನರ್ಸ್ ಹೀಗೆ ಕರೆ ಮಾಡಿದಾಗ, ಆಕೆ ರಜೆ ಹಾಕದೆ, ಕೆಲಸ ಬಿಡದೆ ಉಳಿಯುವುದರಿಂದ ಆಸ್ಪತ್ರೆಗೆ 22,576 ಡಾಲರ್ ಉಳಿತಾಯ ಎಂದು ಅಂದಾಜು ಮಾಡಲಾಗಿದೆ. ಲೆಕ್ಕಪತ್ರ ವಿಭಾಗದವರಿಗೆ ತೋರಿಸಲು ಈ ಅಂಕಿ ಉಪಯೋಗಕ್ಕೆ ಬರುತ್ತದೆ. ಆದರೆ ಘಟನೆಯಾದ ಕೂಡಲೇ ಎಲ್ಲರನ್ನೂ ಕೂಡಿಸಿ ಒತ್ತಾಯದಿಂದ ಬಾಯಿ ಬಿಡಿಸಬಾರದು. ಅಂಥ ಒಂದೇ ಬೈಠಕ್ಕಿನಿಂದ ಆಘಾತ ತಪ್ಪುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ.

ಕೊನೆಗೆ ಗುಟ್ಟಿನ ಪ್ರಶ್ನೆ. ಅಮೆರಿಕದಲ್ಲಿ ಕೋವಿಡ್‌ನ ಮೊದಲ ಅಲೆಯ ನಡುವೆ, 2020ರ ಏಪ್ರಿಲ್‌ನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ತುರ್ತು ಚಿಕಿತ್ಸಾ ವೈದ್ಯೆ ಡಾ. ಲಾರ್ನಾ ಬ್ರೀನ್, ಮಾನಸಿಕ ಚಿಕಿತ್ಸೆ ಪಡೆದದ್ದು ತಿಳಿದರೆ ಪರವಾನಗಿಯೇ ಹೋದೀತೆಂದು ಹೆದರಿದ್ದರು ಎಂದು ಕುಟುಂಬದವರು ಹೇಳಿದ್ದಾರೆ. 2022ರಲ್ಲಿ ಅವರ ಹೆಸರಿನಲ್ಲೇ ಆರೋಗ್ಯ ಸಿಬ್ಬಂದಿಯ ರಕ್ಷಣೆಗೆ ಕಾನೂನು ಬಂತು. ನಮ್ಮ ಪಿ.ಜಿ.ಯ ಭಯ ಇದಕ್ಕಿಂತ ಹತ್ತಿರದ್ದು. ಮನೋವೈದ್ಯ ವಿಭಾಗದ ಒಪಿಡಿಯಲ್ಲಿ ಚೀಟಿ ಮಾಡಿಸಿದರೆ ಅಲ್ಲಿ ಕೂತಿರುವುದು ಹಾಸ್ಟೆಲಿನ ಪಕ್ಕದ ಕೋಣೆಯ ಸಹಪಾಠಿ, ಬಾಗಿಲಲ್ಲಿ ಎದುರಾಗುವುದು ಮುಂದೆ ಪರೀಕ್ಷಕರಾಗುವ ಪ್ರಾಧ್ಯಾಪಕರು. ಆದ್ದರಿಂದ ಆಪ್ತಸಮಾಲೋಚಕರು ಆಸ್ಪತ್ರೆಯ ಹೊರಗಿನವರಾಗಿರಬೇಕು, ಸಮಯ ಡ್ಯೂಟಿಯ ಗಂಟೆಗಳೊಳಗೇ ಸಿಗಬೇಕು, ಆಡಳಿತಕ್ಕೆ ಬರುವ ಬಿಲ್ಲಿನಲ್ಲಿ ಎಷ್ಟು ಮಂದಿ ಬಂದರೆಂಬ ಸಂಖ್ಯೆ ಬಿಟ್ಟು ಯಾರ ಹೆಸರೂ ಇರಬಾರದು. ಅಲ್ಲಿಯವರೆಗೆ ಕಾಯಲಾಗದವರಿಗೆ, ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರಿಂದ ನಡೆಯುತ್ತಿರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಇದೆ; ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು.