ವಿದುರಾಶ್ವತ್ಥದ ಬಾವುಟ, ಊರಗೋಡೆಯ ಅಕ್ಷರ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಸಾಲುಸಾಲು ನಾಗರಕಲ್ಲುಗಳು. ಅಲ್ಲೇ ಇರುವ ಹುತಾತ್ಮರ ಸ್ಮಾರಕದ ಕಡೆಗೂ ಒಮ್ಮೆ ಹೋಗಿಬರಬೇಕು. 1938ರ ಏಪ್ರಿಲ್ 25ರಂದು ಅಲ್ಲಿ ಸೇರಿದ್ದ ಜನ ಮಾಡಹೊರಟಿದ್ದು ಒಂದೇ ಕೆಲಸ, ಚರಕದ ಚಿತ್ರವಿದ್ದ ತ್ರಿವರ್ಣ ಬಾವುಟ ಏರಿಸುವುದು. ಅದಕ್ಕೆ ನಿಷೇಧಾಜ್ಞೆ ಇತ್ತು. ಪೊಲೀಸರು ಗುಂಡು ಹಾರಿಸಿದರು. ಜನರ ಲೆಕ್ಕದಲ್ಲಿ ಸತ್ತವರು 30ಕ್ಕೂ ಹೆಚ್ಚು. ಅಕ್ಷರ ಬಲ್ಲವರು ಕಡಿಮೆಯಿದ್ದ ಕಾಲವದು. ಅರ್ಜಿ, ಭಾಷಣಗಳಿಗೆ ಹೆದರದ ಸರ್ಕಾರ ಮೂರು ಬಣ್ಣದ ಬಟ್ಟೆಗೆ ಹೆದರಿದ್ದು ಅದಕ್ಕೇ. ಆಮೇಲೆ ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಕಾಂಗ್ರೆಸ್ಸಿನ ವಲ್ಲಭಭಾಯಿ ಪಟೇಲ್ ನಡುವೆ ಆದ ಮಿರ್ಜಾ–ಪಟೇಲ್ ಒಪ್ಪಂದದಲ್ಲೂ ಬಾವುಟದ ಮಾತೇ ದೊಡ್ಡದು. ಗಂಡಭೇರುಂಡದ ಮೈಸೂರು ಧ್ವಜದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದಾಯಿತು.

1951–52ರ ಮೊದಲ ಮಹಾಚುನಾವಣೆಯಲ್ಲಿ ಚಿತ್ರವೇ ಮತದಾನದ ಸಾಧನವಾಯಿತು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ: ಕಾಂಗ್ರೆಸ್ಸಿಗೆ ಜೋಡೆತ್ತು, ಸಮಾಜವಾದಿಗಳಿಗೆ ಆಲದ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು. ಗುರುತು ಹಾಕುವ ಗೊಡವೆಯಿಲ್ಲ, ಚೀಟಿ ಒಳಗೆ ಹಾಕಿದರೆ ಮುಗಿಯಿತು. ತೊಡಕು ಇದ್ದದ್ದೂ ಅಲ್ಲೇ. ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಮಡಚಿ ಹೊರಗೆ ತಂದು ಮಾರಲು ದಾರಿಯಿತ್ತು. ಹಾಗಾಗಿ 1962ರ ಹೊತ್ತಿಗೆ ಎಲ್ಲ ಚಿಹ್ನೆಗಳೂ ಒಂದೇ ಮತಪತ್ರಕ್ಕೆ ಬಂದವು. ಯಾವ ಪಕ್ಷಕ್ಕೂ ಮೀಸಲಾಗದ ಮುಕ್ತ ಚಿಹ್ನೆಗಳಲ್ಲಿ ಎಷ್ಟನ್ನೋ ಪೆನ್ಸಿಲಿನಲ್ಲಿ ಬರೆದವರು ಚುನಾವಣಾ ಆಯೋಗದ ನಕ್ಷೆಗಾರ ಎಂ.ಎಸ್. ಸೇಠಿ. ಪ್ರಜಾಪ್ರಭುತ್ವದ ಕಲಾವಿದರ ಪಟ್ಟಿ ಮಾಡುವವರು ಈ ಹೆಸರನ್ನು ಮರೆಯುವುದೇ ಹೆಚ್ಚು.

ಚಿಹ್ನೆ ಪೆಟ್ಟಿಗೆಯಿಂದ ಊರಗೋಡೆಗೆ ಇಳಿದಾಗ ಕೆಲಸ ಪೇಂಟರುಗಳ ಕೈಗೆ ಬಂತು. ಹಳೆಯ ಎಕ್ಸ್‌ರೇ ಹಾಳೆ ಕತ್ತರಿಸಿ ಅಚ್ಚು ಮಾಡಿಕೊಂಡರೆ ಒಂದೇ ದಿನಕ್ಕೆ ನಾಲ್ಕೂರು ಮುಗಿಯುತ್ತದೆ. ಆದರೆ ಅಚ್ಚಿನಲ್ಲಿ ಕನ್ನಡ ಸುಲಭವಲ್ಲ. ‘ಠ’ದ ಹೊಟ್ಟೆ, ಅನುಸ್ವಾರದ ನಡು ಕತ್ತರಿಸಿದೊಡನೆ ಕಳಚಿ ಬೀಳುತ್ತವೆ. ಕಾಲಿಂಚು ಅಗಲದ ಪಟ್ಟಿಯೊಂದನ್ನು ಸೇತುವೆಯಂತೆ ಬಿಡಬೇಕು, ಆ ಸಂದನ್ನು ಆಮೇಲೆ ಕುಂಚದಿಂದ ತುಂಬಬೇಕು.

ದುಡ್ಡಿಲ್ಲದ ಚಳವಳಿಗಳಿಗೆ ಗೋಡೆಯೇ ಪತ್ರಿಕೆ. 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಗೆ ಕೋಲಾರ ಗಟ್ಟಿ ನೆಲೆ. ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಎಂಬಂಥ ಘೋಷಣೆಗೆ ಬೇಕಾದದ್ದು ಸುಣ್ಣ, ನೀಲಿ, ದಾರ, ಕುಂಚ ಅಷ್ಟೇ. ಸುಣ್ಣವನ್ನು ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ಎರಡು ಕೈ ಬಳಿಯಬೇಕು. ಮೊದಲ ಕೈ ಪೂರ್ತಿ ಒಣಗದೆ ಎರಡನೆಯದಕ್ಕೆ ಹೋದರೆ ಹಕ್ಕಳೆ ಏಳುತ್ತದೆ. ನೀಲಿ ಪುಡಿಯಲ್ಲಿ ಅದ್ದಿದ ದಾರವನ್ನು ಇಬ್ಬರು ಬಿಗಿಹಿಡಿದು ಮೀಟಿದರೆ ಗೆರೆ ಬೀಳುತ್ತದೆ. ಬಣ್ಣದ ಆಯ್ಕೆಯಲ್ಲಿ ಎಡವುವುದು ಬೇಡ. ಬಟ್ಟೆಗೆ ಹಾಕುವ ಅಲ್ಟ್ರಾಮರೀನ್ ನೀಲಿ ಸುಣ್ಣದ ಕ್ಷಾರವನ್ನು ತಡೆಯುತ್ತದೆ, ಪ್ರಷ್ಯನ್ ನೀಲಿ ಅದೇ ಕ್ಷಾರಕ್ಕೆ ಕಂದಿಹೋಗುತ್ತದೆ. ಕೆಮ್ಮಣ್ಣಿಗೆ ಆ ಚಿಂತೆಯೇ ಇಲ್ಲ. ನಮ್ಮ ಕಡೆಯ ಕಲ್ಲುಚಪ್ಪಡಿ ಗೋಡೆಗಳದ್ದು ಬೇರೆ ಪಾಡು. ನುಣುಪಾದ ಕಲ್ಲು ಸುಣ್ಣವನ್ನು ಹಿಡಿಯುವುದಿಲ್ಲ, ಒಂದು ಮಳೆಗೆ ಕಿತ್ತುಬರುತ್ತದೆ. ಒರಟು ಮೈ ಇರುವ ಕಡೆ ನೋಡಿ ಬರೆಯಬೇಕು.

ಕಾನೂನು ಈ ಗೋಡೆಗಳಿಗೂ ಬಂತು. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ರಾಜ್ಯದ 1981ರ ಕಾಯ್ದೆ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಬರೆಯುವುದನ್ನು, ಅಂಟಿಸುವುದನ್ನು ತಡೆಯಿತು. ಚುನಾವಣಾ ಪೋಸ್ಟರಿಗೆ ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು ಬೇರೆ ಇದೆ. ಮುದ್ರಕ, ಪ್ರಕಾಶಕ ಇಬ್ಬರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ಒಳ್ಳೆಯ ನಿಯಮ, ಅನಾಮಧೇಯ ಅಪಪ್ರಚಾರಕ್ಕೆ ಕಡಿವಾಣ. ಮೊದಲನೆಯದರ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾಗದು. ಸುಣ್ಣ ಹಚ್ಚಿ ಘೋಷಣೆ ಬರೆದವನಿಗೂ ಸರ್ಕಲ್ಲಿನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದವನಿಗೂ ಇರುವುದು ಒಂದೇ ಕಾಯ್ದೆ. ಯಾರದು ಮೊದಲು ಅಳಿಯುತ್ತದೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು.

ಈಗ ಗೋಡೆಗೆ ಮತ್ತೆ ಕೆಲಸ ಬಂದಿದೆ. 2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಂವಿಧಾನ ಪೀಠಿಕೆಯ ಓದು ನಡೆಯಿತು. ಪೀಠಿಕೆಯನ್ನು ಶಾಲೆ, ಪಂಚಾಯಿತಿ ಗೋಡೆಗೆ ಬರೆಸುವುದೂ ಉಂಟು. ಹೊರಗಿನ ಗೋಡೆಗೆ ಆರಿಂಚಿನ ಅಕ್ಷರವಾದರೆ 60 ಅಡಿ ದೂರದಿಂದ ಸಲೀಸಾಗಿ ಓದಬಹುದು. ಆರಿಂಚಿನ ಅಕ್ಷರ, ಒತ್ತಿಗೆ ಮೂರಿಂಚು, ಮೇಲಿನ ಗುಣಿತಕ್ಕೆ ಎರಡು, ಸಂದಿಗೆ ಒಂದು: ಸಾಲಿನಿಂದ ಸಾಲಿಗೆ ಒಂದಡಿ ಬೇಕು. ಇಂಗ್ಲಿಷಿನ ಅಳತೆಯಲ್ಲಿ ಗೆರೆ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನೆಲದಿಂದ ಎರಡಡಿ ಬಿಟ್ಟೇ ಶುರುಮಾಡಬೇಕು, ಕೆಳಗಿನ ತೇವದಿಂದ ಉಪ್ಪು ಏರಿ ಬಣ್ಣ ಉಬ್ಬುತ್ತದೆ. ಹೊಸ ಸಿಮೆಂಟ್ ಗಾರೆಯಾದರೆ ಕನಿಷ್ಠ 28 ದಿನ ಆರಲು ಬಿಡದೆ ಎನಾಮೆಲ್ ಹಚ್ಚಕೂಡದು.

ಪಠ್ಯವನ್ನೂ ನೋಡಿಕೊಳ್ಳಬೇಕು. 1976ರ 42ನೇ ತಿದ್ದುಪಡಿಗಿಂತ ಹಿಂದಿನ ಪ್ರತಿ ನೋಡಿ ಬರೆದರೆ ‘ಸಮಾಜವಾದಿ’ ಗೋಡೆಯ ಮೇಲಿರುವುದಿಲ್ಲ, ಮಕ್ಕಳ ಪುಸ್ತಕದಲ್ಲಿರುತ್ತದೆ. ಇನ್ನು, ಅತಿ ಹೆಚ್ಚು ತಪ್ಪಾಗುವ ಪದ ‘ಸ್ವಾತಂತ್ರ್ಯ’. ಕೊನೆಯ ಅಕ್ಷರಕ್ಕೆ ಎರಡು ಒತ್ತು, ರ ಮತ್ತು ಯ. ಜಾಗ ಸಾಲದೆ ಪೇಂಟರು ಮೊದಲು ಬಿಡುವುದು ಯ ಒತ್ತನ್ನು. ಹಾಗಾಗಿ ಸಾಲಿನ ಉಳಿದ ಪದಗಳಿಗೆ ಮುಂಚೆ ಈ ಪದವನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.